ಎಕ್ಸೈಟಾನ್, ಎಲೆಕ್ಟ್ರಾನ್, ಹೋಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗ, ಡೊಂಬಿವಲಿ, ಠಾಣೆಯ ಕನ್ನಡ ಕೂಟಗಳಲ್ಲಿ ವಿಜ್ಞಾನದ ಬಗ್ಗೆ ಮಾತಾಡಲು ಕರೆದರೆ ನಾನು ಅರೆವಾಹಕಗಳನ್ನೇ, ಅಂದರೆ ಲೋಹಕ್ಕಿಂತ ಕಡಿಮೆ, ಅವಾಹಕಕ್ಕಿಂತ ಹೆಚ್ಚು ಕರೆಂಟ್ ಹರಿಸುವ ಸಿಲಿಕಾನ್‌ನಂಥ ವಸ್ತುಗಳನ್ನೇ, ಆರಿಸಿಕೊಳ್ಳುತ್ತೇನೆ. ಕಾಲೇಜಿನಲ್ಲಿ ಕಲಿಸುವುದೂ ಅದನ್ನೇ. ಮಾತು ಮುಗಿದು ಚಹಾ ಬರುವ ಹೊತ್ತಿಗೆ ಕೇಳುವ ಪ್ರಶ್ನೆಗಳು, ಪುಣೆ ಮತ್ತು ಗೋವಾದ ಓದುಗರು ಬರೆದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

ಒಂದು ಸಂಖ್ಯೆಯನ್ನು ಮಾತ್ರ ನೆನಪಿಡಿ: 26 ಮಿಲಿ ಎಲೆಕ್ಟ್ರಾನ್ ವೋಲ್ಟ್ (ಎಲೆಕ್ಟ್ರಾನ್ ವೋಲ್ಟ್ ಎಂದರೆ ಕಣಗಳ ಶಕ್ತಿಯನ್ನು ಅಳೆಯುವ ಮಾನ, ಮಿಲಿ ಎಂದರೆ ಅದರ ಸಾವಿರದ ಒಂದು ಭಾಗ). ನಾವು ಕೂತಿರುವ ಕೋಣೆಯ ಬಿಸಿ ಒಂದೊಂದು ಕಣಕ್ಕೂ ಕೊಡುವ ತಳ್ಳಾಟದ ಅಳತೆ ಅದು. ಎಲೆಕ್ಟ್ರಾನ್ ಮತ್ತು ಹೋಲ್‌ನ ಒಂದು ಜೋಡಿ ಒಟ್ಟಿಗೆ ಉಳಿಯುತ್ತದೋ ಬೇರೆಯಾಗುತ್ತದೋ ಎನ್ನುವುದು ಬಹುಮಟ್ಟಿಗೆ ಈ ಸಂಖ್ಯೆಯ ಮೇಲೆ ನಿಂತಿದೆ.

## ಮೊದಲಿನಿಂದ

"ಮೇಡಂ, ಹೋಲ್ ಅಂದ್ರೆ ನಿಜವಾದ ಕಣವಾ, ಇಲ್ಲಾ ಸುಮ್ನೆ ಖಾಲಿ ಜಾಗವಾ?"

ಖಾಲಿ ಜಾಗವೇ. ಆದರೆ ಕಣದ ಹಾಗೆ ಲೆಕ್ಕಕ್ಕೆ ಸಿಗುವ ಖಾಲಿ ಜಾಗ.

ಲೋಕಲ್ ಟ್ರೇನಿನ ಸೀಟು ನೆನೆಸಿಕೊಳ್ಳಿ. ಮೂವರ ಸೀಟಿನಲ್ಲಿ ನಾಲ್ವರು ಕೂತಿದ್ದಾರೆ. ದಾದರಿನಲ್ಲಿ ಕಿಟಕಿ ಪಕ್ಕದವರು ಎದ್ದರು. ಎರಡನೆಯವರು ಕಿಟಕಿಗೆ ಸರಿದರು, ಮೂರನೆಯವರು ಎರಡನೆಯ ಜಾಗಕ್ಕೆ, ನಾಲ್ಕನೆಯವರು ಮೂರನೆಯದಕ್ಕೆ. ಜನ ಕಿಟಕಿ ಕಡೆ ಸರಿದರು. ಖಾಲಿ ಜಾಗ ಇನ್ನೊಂದು ತುದಿಗೆ ಬಂತು. ಮೂವರೂ ಹೇಗೆ ಸರಿದರು ಎಂದು ವಿವರಿಸಬೇಕಿಲ್ಲ. ಖಾಲಿ ಜಾಗ ಆ ಕಡೆಯಿಂದ ಈ ಕಡೆಗೆ ಬಂತು ಅಂದರೆ ಸಾಕು.

ಹರಳಿನಲ್ಲಿ ಎಲೆಕ್ಟ್ರಾನುಗಳು ಇರಬಹುದಾದ ಶಕ್ತಿಯ ಪಟ್ಟಿಗೆ ಬ್ಯಾಂಡ್ ಎನ್ನುತ್ತೇವೆ. ಅರೆವಾಹಕದ ಕೆಳಗಿನ ಬ್ಯಾಂಡ್ ಆದ ವೇಲೆನ್ಸ್ ಬ್ಯಾಂಡ್‌ನಲ್ಲಿ ಎಲೆಕ್ಟ್ರಾನುಗಳು ಪೂರ್ತಿ ತುಂಬಿರುತ್ತವೆ. ಅಲ್ಲಿಂದ ಒಂದು ಎಲೆಕ್ಟ್ರಾನ್ ಮೇಲಿನ ಕಂಡಕ್ಷನ್ ಬ್ಯಾಂಡ್‌ಗೆ ಏರಿದರೆ ಕೆಳಗೆ ಒಂದು ಕೊರತೆ ಉಳಿಯುತ್ತದೆ. ಉಳಿದ ಲೆಕ್ಕವಿಲ್ಲದಷ್ಟು ಎಲೆಕ್ಟ್ರಾನುಗಳ ಒಟ್ಟು ಚಲನೆಯನ್ನು ಆ ಒಂದು ಕೊರತೆಯ ಚಲನೆ ಎಂದೇ ಬರೆಯಬಹುದು. ಹಾಗೆ ಬರೆದಾಗ ಅದಕ್ಕೆ ಧನ ಚಾರ್ಜ್ ಇರುತ್ತದೆ, ಅದರದ್ದೇ ಆದ ತೂಕವೂ ಇರುತ್ತದೆ. ಇದು ಬರೀ ಕಾಗದದ ಮೇಲಿನ ಲೆಕ್ಕ ಅಲ್ಲ. ಬೋರಾನ್ ಸೇರಿಸಿದ ಸಿಲಿಕಾನ್ ತುಂಡನ್ನು ಕಾಂತದ ನಡುವೆ ಇಟ್ಟು ಹಾಲ್ ಪರಿಣಾಮವನ್ನು (ಕಾಂತ ಕರೆಂಟನ್ನು ಪಕ್ಕಕ್ಕೆ ತಳ್ಳಿದಾಗ ಅಡ್ಡಲಾಗಿ ಹುಟ್ಟುವ ವೋಲ್ಟೇಜನ್ನು) ಅಳೆದರೆ, ಕರೆಂಟ್ ಒಯ್ಯುತ್ತಿರುವುದು ಧನ ಚಾರ್ಜ್ ಎಂದೇ ಮೀಟರ್ ತೋರಿಸುತ್ತದೆ. ಬಿಎಸ್ಸಿ ಪ್ರಯೋಗಾಲಯದಲ್ಲೇ ಇದನ್ನು ನೋಡಬಹುದು.

ಸೀಟಿನ ಮಾತನ್ನು ಇದಕ್ಕಿಂತ ಮುಂದೆ ಎಳೆಯಬೇಡಿ. ಹರಳಿನೊಳಗೆ ಎಲೆಕ್ಟ್ರಾನ್ ಒಂದು ಅಲೆ. ಅದಕ್ಕೆ ಗೊತ್ತಾದ ಆಸನ ಇಲ್ಲ. ಹೋಲ್ ಕೂಡ ನೂರಾರು ಪರಮಾಣುಗಳ ಮೇಲೆ ಹರಡಿದ ಅಲೆಯೇ. ಸಿಲಿಕಾನ್‌ನಲ್ಲಿ ಅದು ಎಲೆಕ್ಟ್ರಾನಿಗಿಂತ ನಿಧಾನ, ಚಲನಶೀಲತೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು.

"ಬೆಳಕು ಬಿದ್ದರೆ ಎಲೆಕ್ಟ್ರಾನ್ ಹೊರಗೆ ಹಾರುತ್ತೆ ಅಂತ ಪಿಯುಸಿಯಲ್ಲಿ ಓದಿದ್ದೆ. ಅದೇನಾ ಇದು?"

ಅಲ್ಲ. ಅದು ದ್ಯುತಿವಿದ್ಯುತ್ ಪರಿಣಾಮ. ಅಲ್ಲಿ ಎಲೆಕ್ಟ್ರಾನ್ ವಸ್ತುವನ್ನೇ ಬಿಟ್ಟು ಹೊರಗೆ ಬರುತ್ತದೆ. ಸಿಲಿಕಾನ್‌ನಲ್ಲಿ ವೇಲೆನ್ಸ್ ಬ್ಯಾಂಡಿನ ತುದಿಯಿಂದ ಹೊರಗೆ ಬರಲು ಸುಮಾರು 5 ಎಲೆಕ್ಟ್ರಾನ್ ವೋಲ್ಟ್ ಬೇಕು. ಒಳಗೇ ಒಂದು ಬ್ಯಾಂಡಿನಿಂದ ಇನ್ನೊಂದಕ್ಕೆ ಏರಲು 1.12 ಸಾಕು. ಈ 1.12 ಅನ್ನೇ ಬ್ಯಾಂಡ್ ಗ್ಯಾಪ್ ಎನ್ನುತ್ತೇವೆ.

ಬೆಳಕಿನ ಅಲೆಯುದ್ದ ನ್ಯಾನೋಮೀಟರಿನಲ್ಲಿ ಗೊತ್ತಿದ್ದರೆ 1240ನ್ನು ಅದರಿಂದ ಭಾಗಿಸಿ. ಫೋಟಾನಿನ, ಅಂದರೆ ಬೆಳಕಿನ ಒಂದು ಕಣದ, ಶಕ್ತಿ ಎಲೆಕ್ಟ್ರಾನ್ ವೋಲ್ಟಿನಲ್ಲಿ ಬರುತ್ತದೆ. 550 ನ್ಯಾನೋಮೀಟರಿನ ಹಸಿರು ಬೆಳಕಿಗೆ ಸುಮಾರು 2.25. ಸಿಲಿಕಾನ್‌ನ ಗ್ಯಾಪ್ ದಾಟಲು ಅದು ಧಾರಾಳ, ಹೊರಗೆ ಹಾರಿಸಲು ಸಾಲದು.

"ಎಲೆಕ್ಟ್ರಾನ್-ಹೋಲ್ ಜೋಡಿ ಅಂದ್ರೂ ಎಕ್ಸೈಟಾನ್ ಅಂದ್ರೂ ಒಂದೇ ಅಲ್ವಾ?"

ಇಲ್ಲಿ ಬಹಳ ಜನ ಎಡವುತ್ತಾರೆ, ಪಠ್ಯಪುಸ್ತಕಗಳೂ ಈ ವಿಷಯವನ್ನು ಅವಸರದಲ್ಲಿ ದಾಟಿಬಿಡುತ್ತವೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮತ್ತು ಹೋಲ್ ಒಟ್ಟಿಗೇ ಹುಟ್ಟುತ್ತವೆ. ಒಂದು ಋಣ, ಒಂದು ಧನ. ಅವುಗಳ ನಡುವೆ ಸೆಳೆತ ಇದ್ದೇ ಇರುತ್ತದೆ. ಆ ಸೆಳೆತದಲ್ಲಿ ಸಿಕ್ಕಿ ಎರಡೂ ಒಂದನ್ನೊಂದು ಸುತ್ತುತ್ತಾ ಒಂದೇ ಘಟಕವಾಗಿ ಹರಳಿನಲ್ಲಿ ಓಡಾಡಿದರೆ ಅದು ಎಕ್ಸೈಟಾನ್. ಸೆಳೆತ ಸೋತು ಎಲೆಕ್ಟ್ರಾನ್ ತನ್ನ ದಾರಿ, ಹೋಲ್ ತನ್ನ ದಾರಿ ಹಿಡಿದರೆ ಅವು ಬಿಡಿ ವಾಹಕಗಳು. ಎಲ್ಲ ಎಕ್ಸೈಟಾನೂ ಎಲೆಕ್ಟ್ರಾನ್-ಹೋಲ್ ಜೋಡಿಯೇ. ಎಲ್ಲ ಜೋಡಿಯೂ ಎಕ್ಸೈಟಾನ್ ಅಲ್ಲ.

ಯಾವುದು ಆಗುತ್ತದೆ ಎಂದು ತಿಳಿಯಲು ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಡಬೇಕು. ಒಂದು, ಜೋಡಿಯನ್ನು ಬಿಡಿಸಲು ಬೇಕಾದ ಶಕ್ತಿ. ಇದಕ್ಕೆ ಬಂಧನ ಶಕ್ತಿ ಎಂದು ಹೆಸರು. ಇನ್ನೊಂದು, ಕೋಣೆಯ ಬಿಸಿಯ 26. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಬಂಧನ ಸುಮಾರು 4 ಮಿಲಿ ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನ್‌ನಲ್ಲಿ ಸುಮಾರು 15. ಎರಡೂ 26ಕ್ಕಿಂತ ಕೆಳಗೆ. ಮುಂಬೈ ಕೋಣೆಯಲ್ಲಿ ಅಲ್ಲಿನ ಜೋಡಿಗಳು ಹುಟ್ಟಿದ ಕೂಡಲೇ ಬಿಡಿಯಾಗುತ್ತವೆ. ಝಿಂಕ್ ಆಕ್ಸೈಡ್‌ನಲ್ಲಿ ಬಂಧನ ಸುಮಾರು 60. ಅಲ್ಲಿ ಕೋಣೆಯ ಬಿಸಿಯಲ್ಲೂ ಎಕ್ಸೈಟಾನ್ ಉಳಿಯುತ್ತದೆ. ಓಎಲ್‌ಇಡಿ ಪರದೆಯ ಸಾವಯವ, ಅಂದರೆ ಇಂಗಾಲದ ಅಣುಗಳಿಂದಾದ, ವಸ್ತುಗಳಲ್ಲಿ ಬಂಧನ ಕೆಲವು ನೂರು. ಅಲ್ಲಿ ಬಿಸಿ ಏನೂ ಮಾಡಲಾರದು.

ಇದೊಂದು ಅಂದಾಜು ನಿಯಮ ಅಷ್ಟೇ. ಜೋಡಿಗಳು ಬಹಳ ವಿರಳವಾಗಿದ್ದರೆ, ಬಂಧನ 26ರ ಆಸುಪಾಸಿನಲ್ಲಿದ್ದರೂ ಹೆಚ್ಚಿನವು ಬಿಡಿಯಾಗಿಯೇ ಇರುತ್ತವೆ. ಒಮ್ಮೆ ಬೇರೆಯಾದ ಎಲೆಕ್ಟ್ರಾನಿಗೆ ಓಡಾಡಲು ಜಾಗ ಜಾಸ್ತಿ, ಮತ್ತೆ ಹೋಲ್ ಸಿಗುವ ಸಾಧ್ಯತೆ ಕಡಿಮೆ.

"ಇದನ್ನು ಕಂಡುಹಿಡಿದವರು ಯಾರು?"

ಯೋಚನೆ ಲೆನಿನ್‌ಗ್ರಾಡ್‌ನ ಯಾಕೊವ್ ಫ್ರೆಂಕೆಲ್ ಅವರದ್ದು, 1931ರಲ್ಲಿ. ಒಂದೇ ಅಣುವಿನ ಮೇಲೆ ಬಿಗಿಯಾಗಿ ಕೂತ ಜೋಡಿ ಅವರ ಚಿತ್ರ. ಸಡಿಲವಾಗಿ, ದೂರದೂರ ಹರಡಿದ ಜೋಡಿಯ ಚಿತ್ರವನ್ನು 1937ರಲ್ಲಿ ಗ್ರೆಗರಿ ವಾನಿಯರ್, ಆಮೇಲೆ ನೆವಿಲ್ ಮಾಟ್ ಕೊಟ್ಟರು. ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿದ್ದು 1950ರ ದಶಕದ ಆರಂಭದಲ್ಲಿ. ಎವ್ಗೆನಿ ಗ್ರಾಸ್ ಮತ್ತು ಅವರ ಸಂಗಡಿಗರು ಲೆನಿನ್‌ಗ್ರಾಡ್‌ನಲ್ಲೇ ಕ್ಯೂಪ್ರಸ್ ಆಕ್ಸೈಡ್ ಹರಳಿನ ವರ್ಣಪಟಲದಲ್ಲಿ ಹೈಡ್ರೋಜನ್ ಮಾದರಿಯ ಗೆರೆಗಳ ಸಾಲನ್ನು ಕಂಡರು.

"ಎಕ್ಸೈಟಾನ್‌ಗೆ ಒಟ್ಟು ಚಾರ್ಜ್ ಸೊನ್ನೆ ಅಂದ್ರೆ, ಅದರಿಂದ ಕರೆಂಟ್ ಹೇಗೆ ಬರುತ್ತೆ?"

ಬರುವುದಿಲ್ಲ. ಎಕ್ಸೈಟಾನ್ ಶಕ್ತಿಯನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಒಯ್ಯುತ್ತದೆ, ಚಾರ್ಜನ್ನು ಅಲ್ಲ. ಕರೆಂಟ್ ಬೇಕಾದರೆ ಅದನ್ನು ಒಡೆಯಲೇಬೇಕು. ಸಿಲಿಕಾನ್‌ನಲ್ಲಿ ಬಿಸಿಯೇ ಒಡೆಯುತ್ತದೆ. ಸಾವಯವ ಸೌರಕೋಶದಲ್ಲಿ ಬಿಸಿಗೆ ಅಷ್ಟು ಬಲ ಇಲ್ಲ. ಅದಕ್ಕೇ ಅಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಅಂಟಿಸುತ್ತಾರೆ. ಗಡಿಯಲ್ಲಿ ಎಲೆಕ್ಟ್ರಾನ್ ಒಂದು ವಸ್ತುವಿಗೆ ಹಾರುತ್ತದೆ, ಹೋಲ್ ಇನ್ನೊಂದರಲ್ಲೇ ಉಳಿಯುತ್ತದೆ. ಈ ಎರಡು ಪದರದ ದಾರಿಯನ್ನು 1986ರಲ್ಲಿ ಚಿಂಗ್ ಟಾಂಗ್ ತೋರಿಸಿದರು.

ತೊಡಕು ಏನೆಂದರೆ, ಇಂಥ ವಸ್ತುವಿನಲ್ಲಿ ಎಕ್ಸೈಟಾನ್ ಸಾಯುವ ಮೊದಲು ಸಾಗುವುದು ಸುಮಾರು 10 ನ್ಯಾನೋಮೀಟರ್ ಮಾತ್ರ. ಬೆಳಕನ್ನು ಪೂರ್ತಿ ಹೀರಿಕೊಳ್ಳಲು ಪದರ ಅದಕ್ಕಿಂತ ಹತ್ತಾರು ಪಟ್ಟು ದಪ್ಪ ಇರಬೇಕು. ಹಾಗಾಗಿ ಎರಡು ವಸ್ತುಗಳನ್ನು ಬೆರೆಸಿಬಿಡುತ್ತಾರೆ. ಆಗ ಎಲ್ಲಿ ಹುಟ್ಟಿದರೂ ಹತ್ತಿರದಲ್ಲೇ ಒಂದು ಗಡಿ ಸಿಗುತ್ತದೆ.

## ಮನೆ, ಟೆರೇಸು, ಮೊಬೈಲು

"ಬಿಸಿಲು ಜಾಸ್ತಿ ಆದ್ರೆ ಸೊಸೈಟಿ ಟೆರೇಸಿನ ಪ್ಯಾನೆಲ್ ಕಡಿಮೆ ಕೆಲಸ ಮಾಡುತ್ತೆ ಅಂತಾರೆ. ಬಿಸಿಗೆ ಎಕ್ಸೈಟಾನ್ ಒಡೆದು ಹೋಗೋದು ಕಾರಣವಾ?"

ಠಾಣೆಯ ಒಬ್ಬ ಸೊಸೈಟಿ ಸೆಕ್ರೆಟರಿ ಕೇಳಿದ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ. ನಷ್ಟ ಆಗುವುದು ನಿಜ, ಕಾರಣ ಅದಲ್ಲ. ಒಡೆಯುವುದು ನಮಗೆ ಬೇಕಾದದ್ದೇ, ಮತ್ತು ಸಿಲಿಕಾನ್‌ನಲ್ಲಿ ಅದು ಮೊದಲೇ ಒಡೆದಿರುತ್ತದೆ. ಕೋಶ 60 ಡಿಗ್ರಿಗೆ ಕಾದರೂ 26 ಎನ್ನುವ ಆ ಸಂಖ್ಯೆ ಏರುವುದು ಸುಮಾರು 29ಕ್ಕೆ ಮಾತ್ರ.

ನಿಜವಾದ ಕಾರಣ ಬೇರೆ. ಕೋಶ ಕಾದಂತೆ, ಬೆಳಕಿಲ್ಲದಿದ್ದರೂ ಬಿಸಿಯಿಂದಲೇ ಹುಟ್ಟುವ ಎಲೆಕ್ಟ್ರಾನ್, ಹೋಲ್‌ಗಳ ಸಂಖ್ಯೆ ಏರುತ್ತದೆ. ಶುದ್ಧ ಸಿಲಿಕಾನ್‌ನಲ್ಲಿ ಹತ್ತು ಡಿಗ್ರಿಗೆ ಸುಮಾರು ಎರಡು ಪಟ್ಟು. ಅದರ ಜೊತೆಗೇ ಎಲೆಕ್ಟ್ರಾನ್ ಮತ್ತು ಹೋಲ್ ಮತ್ತೆ ಕೂಡಿ ಇಲ್ಲವಾಗುವುದೂ ಏರುತ್ತದೆ. ಪರಿಣಾಮವಾಗಿ ವೋಲ್ಟೇಜ್ ಇಳಿಯುತ್ತದೆ. ಈಗಿನ ಸಿಲಿಕಾನ್ ಪ್ಯಾನೆಲ್‌ಗಳಲ್ಲಿ ಒಂದು ಡಿಗ್ರಿಗೆ ಸಾಮಾನ್ಯವಾಗಿ ಶೇಕಡಾ 0.3ರಿಂದ 0.4ರಷ್ಟು ನಷ್ಟ. ಪ್ಯಾನೆಲಿನ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿಯ ಲೆಕ್ಕ. ಕೋಶ 60ಕ್ಕೆ ಹೋದರೆ ಶೇಕಡಾ 10ರಿಂದ 14ರಷ್ಟು ಕಡಿಮೆ ಬರುತ್ತದೆ.

ಹಾಗಂತ ಮಧ್ಯಾಹ್ನ ಬೆಳಿಗ್ಗೆಗಿಂತ ಕಡಿಮೆ ಕೊಡುವುದಿಲ್ಲ. ಬೆಳಕು ಜಾಸ್ತಿ ಇರುವುದರಿಂದ ಒಟ್ಟು ಕರೆಂಟ್ ಮಧ್ಯಾಹ್ನವೇ ಜಾಸ್ತಿ. ಪ್ಯಾನೆಲನ್ನು ನೆಲಕ್ಕೆ ಅಂಟಿಸಬೇಡಿ, ಕೆಳಗೆ ಗಾಳಿ ಆಡಲು ಜಾಗ ಬಿಡಿ. ಧೂಳು ಒರೆಸಿ. ನಮ್ಮೂರಿನ ಮಳೆಗಾಲದ ಮೋಡದಿಂದ ಆಗುವ ನಷ್ಟ ಈ ಬಿಸಿಯ ನಷ್ಟಕ್ಕಿಂತ ಎಷ್ಟೋ ದೊಡ್ಡದು.

"ನೀಲಿ ಬೆಳಕಿಗೆ ಶಕ್ತಿ ಜಾಸ್ತಿ. ಹಾಗಾದ್ರೆ ಕರೆಂಟೂ ಜಾಸ್ತಿ ಬರಬೇಕಲ್ವಾ?"

ಒಂದು ಫೋಟಾನಿಗೆ ಒಂದೇ ಜೋಡಿ. 450 ನ್ಯಾನೋಮೀಟರಿನ ನೀಲಿ ಫೋಟಾನಿನಲ್ಲಿ 2.75 ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. ಸಿಲಿಕಾನ್‌ಗೆ ಬೇಕಾದ್ದು 1.12. ಉಳಿದ 1.6ರಷ್ಟನ್ನು ಎಲೆಕ್ಟ್ರಾನ್ ಮತ್ತು ಹೋಲ್ ಹರಳನ್ನು ಅಲುಗಿಸುತ್ತಾ ಕಳೆದುಕೊಳ್ಳುತ್ತವೆ. ಅದಕ್ಕೆ ಬೇಕಾಗುವುದು ಸುಮಾರು ಒಂದು ಪಿಕೋಸೆಕೆಂಡ್, ಅಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗ. ಇನ್ನೊಂದು ಕಡೆ, 1100 ನ್ಯಾನೋಮೀಟರಿಗಿಂತ ಉದ್ದದ ಅಲೆ ಜೋಡಿಯನ್ನೇ ಹುಟ್ಟಿಸುವುದಿಲ್ಲ. ಈ ಎರಡು ನಷ್ಟಗಳ ಜೊತೆಗೆ, ಜೋಡಿಗಳು ಮತ್ತೆ ಕೂಡಿ ಬೆಳಕಾಗಿ ಹೋಗುವುದನ್ನೂ ಲೆಕ್ಕ ಹಾಕಿದವರು ಶಾಕ್ಲಿ ಮತ್ತು ಕ್ವೈಸರ್, 1961ರಲ್ಲಿ. ಒಂದೇ ವಸ್ತುವಿನ ಸೌರಕೋಶ ಸಾಮಾನ್ಯ ಬಿಸಿಲಿನಲ್ಲಿ ಶೇಕಡಾ 33ರ ಸುತ್ತ ನಿಂತುಬಿಡುತ್ತದೆ ಎನ್ನುವ ಮಿತಿ ಅಲ್ಲಿಂದ ಬಂದದ್ದು.

ಇದಕ್ಕೆ ಒಂದು ಸುಂದರ ಅಪವಾದ ಇದೆ. ಟೆಟ್ರಾಸೀನ್, ಪೆಂಟಾಸೀನ್‌ನಂಥ ಸಾವಯವ ಹರಳುಗಳಲ್ಲಿ ಒಂದು ಎಕ್ಸೈಟಾನ್ ಒಡೆದು ಎರಡು ಸಣ್ಣ ಎಕ್ಸೈಟಾನ್ ಆಗುತ್ತದೆ. ಒಂದು ಫೋಟಾನಿಗೆ ಎರಡು ಜೋಡಿ. ಇದನ್ನು ಸಿಲಿಕಾನ್ ಜೊತೆ ಕೂಡಿಸಲು ಪ್ರಯತ್ನ ನಡೆದಿದೆ. ಸೌರಕೋಶದ ಸಂಶೋಧನೆಯಲ್ಲಿ ನನಗೆ ಅತಿ ಹೆಚ್ಚು ಆಸೆ ಹುಟ್ಟಿಸುವ ಕೆಲಸ ಇದೇ.

"ಇಷ್ಟೊಂದು ಅಗ್ಗದ ಸಿಲಿಕಾನ್ ಇದ್ದೂ ಅದರಿಂದ ಎಲ್‌ಇಡಿ ಬಲ್ಬ್ ಯಾಕೆ ಮಾಡಲ್ಲ?"

ಎಲ್‌ಇಡಿಯಲ್ಲಿ ಕೆಲಸ ಉಲ್ಟಾ. ಎಲೆಕ್ಟ್ರಾನ್ ಮತ್ತು ಹೋಲ್ ಕೂಡಿದಾಗ ಫೋಟಾನ್ ಹೊರಗೆ ಬರಬೇಕು. ಶಕ್ತಿಯ ಲೆಕ್ಕ ಸರಿ ಆದರೆ ಸಾಲದು, ಸಂವೇಗದ ಲೆಕ್ಕವೂ ಹೊಂದಬೇಕು. ಫೋಟಾನ್ ಒಯ್ಯುವ ಸಂವೇಗ ಬಹಳ ಕಡಿಮೆ. ಸಿಲಿಕಾನ್‌ನಲ್ಲಿ ಕಂಡಕ್ಷನ್ ಬ್ಯಾಂಡಿನ ತಳದ ಎಲೆಕ್ಟ್ರಾನಿಗೂ ವೇಲೆನ್ಸ್ ಬ್ಯಾಂಡಿನ ತುದಿಯ ಹೋಲ್‌ಗೂ ಸಂವೇಗ ಬೇರೆ ಬೇರೆ. ಆ ವ್ಯತ್ಯಾಸವನ್ನು ಹರಳಿನ ಒಂದು ಕಂಪನ, ಅಂದರೆ ಫೋನಾನ್, ಹೊತ್ತುಕೊಂಡು ಹೋಗಬೇಕು. ಮೂರೂ ಒಟ್ಟಿಗೆ ಸೇರುವುದು ಅಪರೂಪ. ಗ್ಯಾಲಿಯಂ ಆರ್ಸೆನೈಡ್, ಗ್ಯಾಲಿಯಂ ನೈಟ್ರೈಡ್‌ಗಳಲ್ಲಿ ಎರಡರ ಸಂವೇಗವೂ ಒಂದೇ. ಅಲ್ಲಿ ಬೆಳಕು ಸಲೀಸಾಗಿ ಬರುತ್ತದೆ.

ನಿಮ್ಮ ಮನೆಯ ಬಿಳಿ ಬಲ್ಬಿನೊಳಗೆ ಇರುವುದು ನೀಲಿ ಎಲ್‌ಇಡಿ. ಕೆಲವೇ ನ್ಯಾನೋಮೀಟರ್ ದಪ್ಪದ ಇಂಡಿಯಂ ಗ್ಯಾಲಿಯಂ ನೈಟ್ರೈಡ್ ಪದರಗಳಲ್ಲಿ ಎಲೆಕ್ಟ್ರಾನ್ ಮತ್ತು ಹೋಲನ್ನು ಒತ್ತಟ್ಟಿಗೆ ಕೂಡಿಹಾಕುತ್ತಾರೆ. ಮೇಲಿನ ಹಳದಿ ಪುಡಿ ಸ್ವಲ್ಪ ನೀಲಿಯನ್ನು ಹಳದಿ ಮಾಡುತ್ತದೆ, ಎರಡೂ ಸೇರಿ ಬಿಳಿ. ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಾಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು.

ಸಿಲಿಕಾನ್‌ನ ಈ ಕೊರತೆಯೇ ಸೌರಕೋಶಕ್ಕೆ ವರ. ಕೂಡುವುದು ಕಷ್ಟ ಆದ್ದರಿಂದ ಬಿಡಿ ವಾಹಕಗಳು ತಂತಿಯವರೆಗೆ ನಡೆದು ಹೋಗುವಷ್ಟು ಹೊತ್ತು ಬದುಕಿರುತ್ತವೆ.

"ಎಷ್ಟು ಹೊತ್ತು ಬದುಕುತ್ತವೆ? ಆಮೇಲೆ ಏನಾಗುತ್ತವೆ?"

ಒಳ್ಳೆಯ ಸಿಲಿಕಾನ್‌ನಲ್ಲಿ ಮಿಲಿಸೆಕೆಂಡಿನವರೆಗೂ. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ನ್ಯಾನೋಸೆಕೆಂಡುಗಳ ಲೆಕ್ಕ.

ಸಾಯಲು ಮೂರು ದಾರಿ. ಮೊದಲನೆಯದು, ಕೂಡಿ ಬೆಳಕಾಗುವುದು. ಎರಡನೆಯದು, ಹರಳಿನ ದೋಷದಲ್ಲಿ ಸಿಕ್ಕಿಬೀಳುವುದು. ಒಂದು ಪರಮಾಣು ಇಲ್ಲದ ಕಡೆ, ಕಬ್ಬಿಣದಂಥ ಕಲ್ಮಶ ಇರುವ ಕಡೆ, ಮೇಲ್ಮೈಯಲ್ಲಿ ಬಂಧ ತುಂಡಾದ ಕಡೆ ಎಲೆಕ್ಟ್ರಾನ್ ಕೂರುತ್ತದೆ. ಹೋಲ್ ಅಲ್ಲಿಗೇ ಬಂದು ಸೇರುತ್ತದೆ, ಶಕ್ತಿ ಬರೀ ಬಿಸಿಯಾಗುತ್ತದೆ. ಮೂರನೆಯದು ಆಜೆ ಪ್ರಕ್ರಿಯೆ. ಇಲ್ಲಿ ಜೋಡಿ ಕೂಡಿದಾಗ ಬಂದ ಶಕ್ತಿಯನ್ನು ಮೂರನೆಯ ಒಂದು ವಾಹಕ ಕಸಿದುಕೊಳ್ಳುತ್ತದೆ. ಜನದಟ್ಟಣೆ ಹೆಚ್ಚಿದಾಗ ಇದು ಜೋರಾಗುತ್ತದೆ. ಎಲ್‌ಇಡಿಗೆ ಕರೆಂಟ್ ಜಾಸ್ತಿ ಕೊಟ್ಟಷ್ಟೂ ಅದರ ದಕ್ಷತೆ ಇಳಿಯಲು ಇದು ಒಂದು ಮುಖ್ಯ ಕಾರಣ.

ಸೌರಕೋಶ ತಯಾರಿಸುವವರ ಶ್ರಮದಲ್ಲಿ ದೊಡ್ಡ ಪಾಲು ಎರಡನೆಯ ದಾರಿಯನ್ನು ಮುಚ್ಚುವುದಕ್ಕೇ ಹೋಗುತ್ತದೆ.

"ಓಎಲ್‌ಇಡಿ ಮೊಬೈಲಿನಲ್ಲಿ ನಾಲ್ಕರಲ್ಲಿ ಮೂರು ಎಕ್ಸೈಟಾನ್ ವೇಸ್ಟ್ ಅಂತ ಕೇಳಿದೆ. ನಿಜವಾ?"

ಹಳೆಯ ಮಾದರಿಯ ವಸ್ತುಗಳಲ್ಲಿ ನಿಜ. ಎಲೆಕ್ಟ್ರಾನಿಗೂ ಹೋಲ್‌ಗೂ ಸ್ಪಿನ್ ಇದೆ, ಅಂದರೆ ತಿರುಗಾಟವನ್ನು ಹೋಲುವ ಒಂದು ಕ್ವಾಂಟಂ ಗುಣ. ತಂತಿಯಿಂದ ಬಂದು ಕೂಡುವಾಗ ಎರಡರ ಸ್ಪಿನ್ ನಾಲ್ಕು ಬಗೆಯಲ್ಲಿ ಸೇರಬಹುದು. ಒಂದು ಬಗೆ ಸಿಂಗ್ಲೆಟ್, ಮೂರು ಟ್ರಿಪ್ಲೆಟ್. ಬೇಗ ಬೆಳಕು ಕೊಡುವುದು ಸಿಂಗ್ಲೆಟ್ ಮಾತ್ರ. ಟ್ರಿಪ್ಲೆಟ್‌ಗೆ ಸ್ಪಿನ್ ತಿರುಗಿಸದೆ ಕೆಳಗೆ ಬರಲು ಆಗುವುದಿಲ್ಲ. ಕಾದು ಕಾದು ಬಿಸಿಯಾಗಿ ಹೋಗುತ್ತದೆ.

ಟಾಂಗ್ ಮತ್ತು ವಾನ್ ಸ್ಲೈಕ್ 1987ರಲ್ಲಿ ಮಾಡಿದ ಓಎಲ್‌ಇಡಿಗೆ ಈ ಮಿತಿ ಇತ್ತು. 1990ರ ದಶಕದ ಕೊನೆಯಲ್ಲಿ ಪ್ಲಾಟಿನಂ, ಇರಿಡಿಯಂನಂಥ ಭಾರದ ಲೋಹ ಇರುವ ಅಣುಗಳನ್ನು ಬೆರೆಸಿದರು. ಭಾರದ ಪರಮಾಣು ಸ್ಪಿನ್ ತಿರುಗುವುದನ್ನು ಸುಲಭ ಮಾಡುತ್ತದೆ. ಟ್ರಿಪ್ಲೆಟ್ ಕೂಡ ಬೆಳಗತೊಡಗಿತು. ಕೆಂಪು, ಹಸಿರಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡಿತು. ನೀಲಿ ಇನ್ನೂ ತಕರಾರು ಮಾಡುತ್ತಿದೆ. ನೀಲಿಗೆ ಬೇಕಾದ ಶಕ್ತಿ ಜಾಸ್ತಿ. ಅಷ್ಟು ಶಕ್ತಿ ಹೊತ್ತ ಟ್ರಿಪ್ಲೆಟ್ ಬಹಳ ಹೊತ್ತು ಕೂತರೆ ಅಣುವಿನ ಬಂಧಗಳೇ ಮುರಿಯುತ್ತವೆ.

"ಟಿವಿ ಅಂಗಡಿಯಲ್ಲಿ ಕ್ವಾಂಟಂ ಡಾಟ್ ಅಂತಾರಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ?"

ನೇರ ಸಂಬಂಧ. ಕ್ಯಾಡ್ಮಿಯಂ ಸೆಲೆನೈಡ್‌ನಲ್ಲಿ ಎಕ್ಸೈಟಾನ್ ತಾನಾಗಿ ಹರಡಿಕೊಳ್ಳುವ ತ್ರಿಜ್ಯ 5ರಿಂದ 6 ನ್ಯಾನೋಮೀಟರ್. ಹರಳನ್ನೇ ಅದಕ್ಕಿಂತ ಸಣ್ಣದು ಮಾಡಿದರೆ ಎಲೆಕ್ಟ್ರಾನ್ ಮತ್ತು ಹೋಲ್ ಇಕ್ಕಟ್ಟಿನಲ್ಲಿ ಇರಬೇಕಾಗುತ್ತದೆ. ಇಕ್ಕಟ್ಟು ಹೆಚ್ಚಿದಷ್ಟೂ ಅವುಗಳ ಶಕ್ತಿ ಹೆಚ್ಚು. ಒಂದೇ ವಸ್ತು, 6 ನ್ಯಾನೋಮೀಟರಿನ ಹರಳು ಕೆಂಪಾಗಿ ಹೊಳೆಯುತ್ತದೆ, 2 ನ್ಯಾನೋಮೀಟರಿನದು ನೀಲಿಯ ಕಡೆಗೆ ಸರಿಯುತ್ತದೆ. ಇದಕ್ಕಾಗಿ ಎಕಿಮೋವ್, ಬ್ರೂಸ್, ಬವೆಂಡಿ ಅವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಅಂಗಡಿಯ ಟಿವಿಯಲ್ಲಿ ಸಾಮಾನ್ಯವಾಗಿ ಹಿಂದೆ ನೀಲಿ ಎಲ್‌ಇಡಿ ಇರುತ್ತದೆ. ಡಾಟ್‌ಗಳು ಆ ನೀಲಿಯನ್ನು ಹೀರಿ ಅಚ್ಚ ಕೆಂಪು, ಅಚ್ಚ ಹಸಿರು ಮಾಡಿಕೊಡುತ್ತವೆ. ಕ್ಯಾಡ್ಮಿಯಂ ವಿಷವಾದ್ದರಿಂದ ಈಗ ಇಂಡಿಯಂ ಫಾಸ್ಫೈಡ್ ಬಳಸುವುದು ಹೆಚ್ಚಾಗಿದೆ.

"ಪೆರೊವ್‌ಸ್ಕೈಟ್ ಸೌರಕೋಶ ಬಂದರೆ ಸಿಲಿಕಾನ್ ಮೂಲೆಗೆ ಹೋಗುತ್ತಾ?"

ಅಷ್ಟು ಬೇಗ ಇಲ್ಲ. ಆದರೆ ಅದರ ಬೆಳವಣಿಗೆ ನಿಜಕ್ಕೂ ದೊಡ್ಡದು. ಮಿಯಾಸಾಕಾ ಅವರ ತಂಡದ 2009ರ ಕೋಶದ ದಕ್ಷತೆ ಶೇಕಡಾ 3.8. ಈಗ ಪ್ರಯೋಗಾಲಯದಲ್ಲಿ 25ನ್ನು ದಾಟಿದೆ. ಸೀಸ ಮತ್ತು ಅಯೋಡಿನ್ ಇರುವ ಈ ಹರಳಿನಲ್ಲಿ ಜೋಡಿಯ ಬಂಧನ 20 ಮಿಲಿ ಎಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆ. ಹಾಗಾಗಿ ಬಿಡಿ ವಾಹಕಗಳು ಸುಲಭವಾಗಿ ಸಿಗುತ್ತವೆ, ದೋಷಗಳಿದ್ದರೂ ಬಹಳ ಹೊತ್ತು ಬದುಕುತ್ತವೆ. ದ್ರಾವಣದಿಂದಲೇ ಪದರ ಎಳೆಯಬಹುದು. ತೊಂದರೆ ತೇವದ್ದು. ಜುಲೈ ತಿಂಗಳ ಮುಂಬೈ ಅಥವಾ ಪಣಜಿಯ ಗಾಳಿಗೆ ತೆರೆದಿಟ್ಟರೆ ಹರಳು ಕೆಡುತ್ತದೆ. ನಮ್ಮ ಕರಾವಳಿಯಲ್ಲಿ ಇಪ್ಪತ್ತು ಮಳೆಗಾಲ ತಡೆಯುವ ಹೊದಿಕೆ ಸಿಗುವವರೆಗೆ ನಾನು ಯಾರಿಗೂ ಇದನ್ನು ಟೆರೇಸಿಗೆ ಹಾಕಿಸಿ ಎನ್ನುವುದಿಲ್ಲ.

## ಇನ್ನೂ ಆಳಕ್ಕೆ

"ಎಕ್ಸೈಟಾನ್‌ಗೆ ಹೈಡ್ರೋಜನ್ ಪರಮಾಣುವಿನ ಲೆಕ್ಕವನ್ನೇ ಹಾಕಬಹುದಂತೆ. ಒಂದು ಸಲ ಮಾಡಿ ತೋರಿಸ್ತೀರಾ?"

ಗ್ಯಾಲಿಯಂ ಆರ್ಸೆನೈಡ್ ತೆಗೆದುಕೊಳ್ಳೋಣ. ಹೈಡ್ರೋಜನ್‌ಗಿಂತ ಎರಡು ವ್ಯತ್ಯಾಸ. ಒಂದು, ಸುತ್ತಲಿನ ಹರಳು ಎರಡರ ಸೆಳೆತವನ್ನು ಮರೆಮಾಡುತ್ತದೆ. ಎಷ್ಟು ಮರೆಮಾಡುತ್ತದೆ ಎನ್ನುವುದರ ಅಳತೆ ಡೈಎಲೆಕ್ಟ್ರಿಕ್ ಸ್ಥಿರಾಂಕ, ಇಲ್ಲಿ ಅದು 12.9. ಎರಡು, ಹರಳಿನೊಳಗಿನ ತೂಕ ಬೇರೆ. ಎಲೆಕ್ಟ್ರಾನಿನ ತೂಕ ಬಿಡಿ ಎಲೆಕ್ಟ್ರಾನಿನ 0.067 ಪಾಲು, ಭಾರದ ಹೋಲ್‌ನದ್ದು ಸುಮಾರು 0.45. ಎರಡನ್ನೂ ಸೇರಿಸಿದ ಸಂಕ್ಷೇಪಿತ ದ್ರವ್ಯರಾಶಿ 0.058.

ಹೈಡ್ರೋಜನ್ ಬಂಧನ 13.6 ಎಲೆಕ್ಟ್ರಾನ್ ವೋಲ್ಟ್. ಅದನ್ನು 0.058ರಿಂದ ಗುಣಿಸಿ, 12.9ರ ವರ್ಗದಿಂದ, ಅಂದರೆ 166ರಿಂದ, ಭಾಗಿಸಿ. ಉತ್ತರ 4.7 ಮಿಲಿ ಎಲೆಕ್ಟ್ರಾನ್ ವೋಲ್ಟ್. ಅಳೆದಾಗ ಸಿಗುವುದು ಸುಮಾರು 4.2. ಇಷ್ಟು ಸರಳ ಲೆಕ್ಕಕ್ಕೆ ಇದು ಬಹಳ ಹತ್ತಿರ. ಇನ್ನು ಗಾತ್ರ: ಹೈಡ್ರೋಜನ್‌ನ ತ್ರಿಜ್ಯ 0.053 ನ್ಯಾನೋಮೀಟರನ್ನು 12.9ರಿಂದ ಗುಣಿಸಿ 0.058ರಿಂದ ಭಾಗಿಸಿ. ಸುಮಾರು 12 ನ್ಯಾನೋಮೀಟರ್. ಹರಳಿನ ಒಂದು ಕೋಶದ ಅಂಚು 0.565. ಅಂದರೆ ಹೋಲ್‌ನಿಂದ ಎಲೆಕ್ಟ್ರಾನಿಗೆ ಇಪ್ಪತ್ತು ಕೋಶಗಳಿಗೂ ಜಾಸ್ತಿ ದೂರ. ಇಷ್ಟು ದೂರ ಇರುವುದರಿಂದಲೇ ನಡುವಿನ ಪರಮಾಣುಗಳನ್ನು ಒಂದೊಂದಾಗಿ ಎಣಿಸದೆ ಒಂದು ಸ್ಥಿರಾಂಕದಲ್ಲಿ ಮುಗಿಸಲು ಸಾಧ್ಯವಾಯಿತು.

ಫ್ರೆಂಕೆಲ್ ಬಗೆಯ ಎಕ್ಸೈಟಾನ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಜೋಡಿ ಒಂದೇ ಅಣುವಿನೊಳಗೆ ಇರುತ್ತದೆ. ಇನ್ನೊಂದು ತುದಿಯಲ್ಲಿ ಕ್ಯೂಪ್ರಸ್ ಆಕ್ಸೈಡ್ ಇದೆ. 2014ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನ ವಿಜ್ಞಾನಿಗಳು ಅದರಲ್ಲಿ 25ನೇ ಮಟ್ಟದವರೆಗಿನ ಗೆರೆಗಳನ್ನು ಅಳೆದರು. ಆ ಮಟ್ಟದ ಎಕ್ಸೈಟಾನ್ ಎರಡು ಮೈಕ್ರೋಮೀಟರಿಗಿಂತ ಅಗಲ. ಅವರು ಬಳಸಿದ್ದು ನಮೀಬಿಯಾದ ಗಣಿಯಿಂದ ಬಂದ ನೈಸರ್ಗಿಕ ಹರಳು.

"ಒಂದೇ ಪದರದ ವಸ್ತುಗಳಲ್ಲಿ ಎಕ್ಸೈಟಾನ್ ಅಷ್ಟು ಬಿಗಿ ಯಾಕೆ?"

ಪುಣೆಯಲ್ಲಿ ಎಂಎಸ್ಸಿ ಓದುವವರಿಂದ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಮಾಲಿಬ್ಡಿನಂ ಡೈಸಲ್ಫೈಡ್ ಪದರ ಪದರವಾಗಿ ಸುಲಿಯುವ ವಸ್ತು. ಒಂದು ಪದರದ ದಪ್ಪ 0.65 ನ್ಯಾನೋಮೀಟರ್. ಎಲೆಕ್ಟ್ರಾನ್ ಮತ್ತು ಹೋಲ್ ಪದರದೊಳಗೇ ಇದ್ದರೂ ಅವುಗಳ ನಡುವಿನ ವಿದ್ಯುತ್ ಕ್ಷೇತ್ರದ ಗೆರೆಗಳು ಮೇಲೆ ಕೆಳಗೆ ಹೊರಗೆ ಬಾಗುತ್ತವೆ. ಹೊರಗೆ ಗಾಳಿ ಅಥವಾ ನಿರ್ವಾತ. ಅಲ್ಲಿ ಸೆಳೆತವನ್ನು ಮರೆಮಾಡುವ ಹರಳೇ ಇಲ್ಲ. ಮೇಲಾಗಿ ಎರಡೂ ಒಂದೇ ತಲದಲ್ಲಿ ಸಿಕ್ಕಿಕೊಂಡಿವೆ. ಹಾಗಾಗಿ ಬಂಧನ ಕೆಲವು ನೂರು ಮಿಲಿ ಎಲೆಕ್ಟ್ರಾನ್ ವೋಲ್ಟ್, 26ರ ಹತ್ತು ಪಟ್ಟಿಗೂ ಜಾಸ್ತಿ. ಪದರವನ್ನು ಯಾವುದರ ಮೇಲೆ ಇಟ್ಟಿದ್ದೀರಿ ಎನ್ನುವುದರಿಂದಲೂ ಬಂಧನ ಬದಲಾಗುತ್ತದೆ.

ದಪ್ಪ ಹರಳಿನಲ್ಲಿ ಸಿಲಿಕಾನ್ ಹಾಗೆ ಸಂವೇಗ ಹೊಂದದ ಈ ವಸ್ತು ಒಂದೇ ಪದರಕ್ಕೆ ಇಳಿದಾಗ ಹೊಂದುವಂತಾಗುತ್ತದೆ, ಹೊಳೆಯತೊಡಗುತ್ತದೆ. ಇದು ಗೊತ್ತಾದದ್ದು 2010ರಲ್ಲಿ. ಇಂಥ ಪದರದಲ್ಲಿ ಹೆಚ್ಚುವರಿ ಎಲೆಕ್ಟ್ರಾನ್ ಇದ್ದರೆ ಅದು ಎಕ್ಸೈಟಾನಿಗೆ ಅಂಟಿಕೊಂಡು ಮೂರರ ಗುಂಪಾಗುತ್ತದೆ, ಅದಕ್ಕೆ ಟ್ರಯಾನ್ ಎನ್ನುತ್ತಾರೆ. ಟ್ರಯಾನ್‌ಗೆ ಚಾರ್ಜ್ ಇದೆ, ವಿದ್ಯುತ್ ಕ್ಷೇತ್ರದಿಂದ ಅದನ್ನು ಎಳೆಯಬಹುದು.

"ಲೇಸರ್ ಜೋರು ಮಾಡ್ತಾ ಹೋದ್ರೆ ಎಕ್ಸೈಟಾನ್ ಹೆಚ್ಚುತ್ತಾ ಹೋಗುತ್ತಾ?"

ಒಂದು ಮಿತಿಯವರೆಗೆ. ಆಮೇಲೆ ಸುತ್ತಲಿನ ಚಾರ್ಜ್‌ಗಳೇ ಪ್ರತಿ ಜೋಡಿಯ ಸೆಳೆತವನ್ನು ಮರೆಮಾಡುತ್ತವೆ. ಯಾರು ಯಾರ ಜೋಡಿ ಎನ್ನುವುದೇ ಇಲ್ಲವಾಗಿ ಎಲೆಕ್ಟ್ರಾನ್-ಹೋಲ್ ಪ್ಲಾಸ್ಮಾ ಉಳಿಯುತ್ತದೆ. ಇದಕ್ಕೆ ಮಾಟ್ ಸಂಕ್ರಮಣ ಎಂದು ಹೆಸರು. ಕೆಲವೇ ಕೆಲ್ವಿನ್‌ಗೆ ತಣಿಸಿದ ಜರ್ಮೇನಿಯಂನಲ್ಲಿ ಇನ್ನೂ ಅಚ್ಚರಿಯ ಸಂಗತಿ ನಡೆಯುತ್ತದೆ. ಜೋಡಿಗಳು ಸಾಂದ್ರವಾಗಿ ದ್ರವದ ಹನಿಗಳಾಗುತ್ತವೆ. ಕೆಲ್ಡಿಶ್ 1968ರಲ್ಲಿ ಇದನ್ನು ಊಹಿಸಿದರು. 1970ರ ದಶಕದಲ್ಲಿ ಹನಿಯ ಚಿತ್ರವನ್ನೇ ತೆಗೆದರು.

"ಎಕ್ಸೈಟಾನ್ ಬೋಸಾನ್ ಅಂತಾರೆ. ಹಾಗಾದ್ರೆ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ ಆಗಬೇಕಲ್ವಾ?"

ಎಷ್ಟು ಬೇಕಾದರೂ ಒಂದೇ ಸ್ಥಿತಿಯಲ್ಲಿ ಸೇರಬಲ್ಲ ಕಣ ಬೋಸಾನ್, ಅವು ಹಾಗೆ ಸೇರಿ ಒಂದೇ ಅಲೆಯಂತಾದರೆ ಕಂಡೆನ್ಸೇಟ್. ಎಲೆಕ್ಟ್ರಾನ್, ಹೋಲ್ ಎರಡೂ ಫರ್ಮಿಯಾನ್, ಅವುಗಳ ಸ್ಪಿನ್ ಅರ್ಧ. ಎರಡು ಫರ್ಮಿಯಾನ್ ಸೇರಿದರೆ ಒಟ್ಟು ಸ್ಪಿನ್ ಪೂರ್ಣಾಂಕ. ಹಾಗಾಗಿ ಎಕ್ಸೈಟಾನ್ ವಿರಳವಾಗಿದ್ದಾಗ ಬೋಸಾನ್ ಹಾಗೆ ನಡೆದುಕೊಳ್ಳುತ್ತದೆ. ಸತ್ಯೇಂದ್ರನಾಥ ಬೋಸ್ 1924ರಲ್ಲಿ ಢಾಕಾದಿಂದ ಫೋಟಾನ್‌ಗಳಿಗಾಗಿ ಬರೆದ ಎಣಿಕೆಯ ಕ್ರಮ ಇದಕ್ಕೂ ಅನ್ವಯಿಸುತ್ತದೆ. ತೂಕ ಕಡಿಮೆ ಆದ್ದರಿಂದ ಪರಮಾಣುಗಳಿಗಿಂತ ಎಷ್ಟೋ ಹೆಚ್ಚಿನ ಉಷ್ಣಾಂಶದಲ್ಲೇ ಕಂಡೆನ್ಸೇಟ್ ಆಗಬೇಕು ಎನ್ನುವುದು 1960ರ ದಶಕದಿಂದ ಇರುವ ನಿರೀಕ್ಷೆ. ಅಡ್ಡಿ ಎರಡು. ಎಕ್ಸೈಟಾನ್ ತಣಿಯುವ ಮೊದಲೇ ಸಾಯುತ್ತದೆ. ದಟ್ಟ ಮಾಡಿದರೆ ಪ್ಲಾಸ್ಮಾ ಆಗುತ್ತದೆ.

ದಾರಿ ಸಿಕ್ಕಿದ್ದು ಎರಡು ಕನ್ನಡಿಗಳ ನಡುವೆ. ಅಲ್ಲಿ ಸಿಕ್ಕಿಬಿದ್ದ ಬೆಳಕು ಮತ್ತು ಎಕ್ಸೈಟಾನ್ ಬೆರೆತು ಪೊಲಾರಿಟಾನ್ ಆಗುತ್ತದೆ. ಅದರ ತೂಕ ಎಕ್ಸೈಟಾನಿಗಿಂತ ಸಾವಿರಾರು ಪಟ್ಟು ಕಡಿಮೆ. 2006ರಲ್ಲಿ ಕ್ಯಾಡ್ಮಿಯಂ ಟೆಲುರೈಡ್ ಇರುವ ಇಂಥ ರಚನೆಯಲ್ಲಿ ಸುಮಾರು 19 ಕೆಲ್ವಿನ್‌ನಲ್ಲಿ ಕಂಡೆನ್ಸೇಟ್ ಕಂಡಿತು. ಸಾವಯವ ವಸ್ತುಗಳಲ್ಲಿ ಎಕ್ಸೈಟಾನ್ ಬಿಗಿಯಾಗಿ ಉಳಿಯುವುದರಿಂದ ಆಮೇಲೆ ಕೋಣೆಯ ಉಷ್ಣಾಂಶದಲ್ಲೂ ಇದನ್ನು ಮಾಡಿದ್ದಾರೆ.

"ಎಕ್ಸೈಟಾನನ್ನು ಯಾರಾದ್ರೂ ನೋಡಿದ್ದಾರಾ?"

ಬಹುಕಾಲ ಅದರ ಗುರುತು ಬೆಳಕಿನಲ್ಲಿ ಮಾತ್ರ ಸಿಗುತ್ತಿತ್ತು. ಹರಳನ್ನು ತಣಿಸಿ ಬೆಳಕು ಹಾಯಿಸಿದರೆ ಬ್ಯಾಂಡ್ ಗ್ಯಾಪ್‌ಗಿಂತ ಸ್ವಲ್ಪ ಕೆಳಗೆ ಒಂದು ಚೂಪಾದ ಗೆರೆ ಕಾಣುತ್ತದೆ. ಗ್ಯಾಪ್‌ಗೂ ಆ ಗೆರೆಗೂ ಇರುವ ಅಂತರವೇ ಬಂಧನ ಶಕ್ತಿ. 2021ರಲ್ಲಿ ಜಪಾನಿನ ಓಕಿನಾವಾದ ವಿಜ್ಞಾನಿಗಳು ಇನ್ನೂ ಮುಂದೆ ಹೋದರು. ಟಂಗ್‌ಸ್ಟನ್ ಡೈಸೆಲೆನೈಡ್‌ನ ಒಂಟಿ ಪದರದಲ್ಲಿ ಲೇಸರಿನಿಂದ ಎಕ್ಸೈಟಾನ್ ಹುಟ್ಟಿಸಿದರು. ಅದು ಇಲ್ಲವಾಗುವ ಮೊದಲೇ ಹೆಚ್ಚು ಶಕ್ತಿಯ ಇನ್ನೊಂದು ಬೆಳಕಿನ ಏಟಿನಿಂದ ಒಡೆದು ಎಲೆಕ್ಟ್ರಾನನ್ನು ಹೊರಗೆ ತೆಗೆದರು. ಅದು ಯಾವ ಶಕ್ತಿಯಲ್ಲಿ, ಯಾವ ಕೋನದಲ್ಲಿ ಬಂತು ಎಂದು ಅಳೆದು, ಹೋಲ್‌ನ ಸುತ್ತ ಎಲೆಕ್ಟ್ರಾನ್ ಹೇಗೆ ಹರಡಿತ್ತು ಎಂಬ ಚಿತ್ರವನ್ನು ಕಟ್ಟಿದರು.

"ಮಗಳಿಗೆ ಈ ವಿಷಯದಲ್ಲಿ ಆಸಕ್ತಿ. ಮುಂಬೈ ಬಿಟ್ಟು ಹೋಗಬೇಕಾ?"

ಬೇಕಿಲ್ಲ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಪೊವಾಯಿಯ ಐಐಟಿ ಬಾಂಬೆ, ಪುಣೆಯ ಐಸರ್, ಮೂರೂ ಕಡೆ ಅರೆವಾಹಕಗಳ ಮೇಲೆ ಗಟ್ಟಿ ಕೆಲಸ ನಡೆಯುತ್ತದೆ. ಐಐಟಿ ಬಾಂಬೆಯಲ್ಲಿ ಸೌರಕೋಶಗಳಿಗೇ ಮೀಸಲಾದ ರಾಷ್ಟ್ರೀಯ ಕೇಂದ್ರ ಇದೆ. ಶಾಲೆಯ ಮಕ್ಕಳಾದರೆ ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಬಗ್ಗೆ ವಿಚಾರಿಸಿ. ಗೋವಾದಲ್ಲಿದ್ದರೆ ಗೋವಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಿಂದ ಶುರು ಮಾಡಬಹುದು.

"ಮನೆಯಲ್ಲೇ ಮಾಡಿ ನೋಡೋಕೆ ಏನಾದ್ರೂ ಇದೆಯಾ?"

ಇದೆ, ಮತ್ತು ಎಲ್ಲರೂ ಮಾಡಲಿ ಎಂದು ನನ್ನ ಆಸೆ. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ, ಪುಣೆಯಾದರೆ ಬುಧವಾರ ಪೇಠೆಯ ತಪ್ಕೀರ್ ಗಲ್ಲಿಯಲ್ಲಿ ಎರಡು ಕೆಂಪು, ಎರಡು ಹಸಿರು ಎಲ್‌ಇಡಿ ತನ್ನಿ. ತಲೆ ಬಣ್ಣದ್ದಲ್ಲ, ಪಾರದರ್ಶಕವಾಗಿರಲಿ. ಜೊತೆಗೆ ಒಂದು ಡಿಜಿಟಲ್ ಮಲ್ಟಿಮೀಟರ್, ಬ್ಯಾಟರಿ, ಸುಮಾರು 330 ಓಮ್‌ನ ರೆಸಿಸ್ಟರ್.

ಒಂದು ಕೆಂಪು ಎಲ್‌ಇಡಿಯ ಕಾಲುಗಳನ್ನು ಮೀಟರಿಗೆ ಸಿಕ್ಕಿಸಿ, ಡಿಸಿ ವೋಲ್ಟ್ ಇಡಿ. ಒಂದು ಹಸಿರು ಎಲ್‌ಇಡಿಯನ್ನು ರೆಸಿಸ್ಟರ್ ಮೂಲಕ ಬ್ಯಾಟರಿಗೆ ಕೊಟ್ಟು ಉರಿಸಿ, ಎರಡರ ತಲೆಯನ್ನೂ ಎದುರುಬದುರು ಹಿಡಿಯಿರಿ. ಸುತ್ತ ಕಪ್ಪು ಕಾಗದ ಸುತ್ತಿ, ಕೋಣೆಯ ಬೆಳಕು ಒಳಗೆ ಹೋಗಬಾರದು. ಉರಿಯುವ ಹಸಿರು, ಮೀಟರಿಗೆ ಸಿಕ್ಕಿಸಿದ ಕೆಂಪಿನಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಹಸಿರು ಫೋಟಾನಿಗೆ ಕೆಂಪಿನ ಗ್ಯಾಪ್ ದಾಟುವ ಶಕ್ತಿ ಇದೆ. ಈಗ ಅದಲುಬದಲು ಮಾಡಿ. ಹಸಿರನ್ನು ಮೀಟರಿಗೆ ಹಾಕಿ, ಕೆಂಪು ಬೆಳಕು ಬಿಡಿ. ಎಷ್ಟೇ ಪ್ರಕಾಶ ಇದ್ದರೂ ಮೀಟರ್ ಸೊನ್ನೆಯ ಹತ್ತಿರವೇ ಇರುತ್ತದೆ. ಆಮೇಲೆ ಕೆಂಪಿನ ಎದುರು ಕೆಂಪು ಹಿಡಿದು ಏನಾಗುತ್ತದೆ ನೋಡಿ, ಬರೆದಿಡಿ. ಹಸಿರಿನ ಎದುರು ಇಟ್ಟ ಕೆಂಪಿನಲ್ಲೂ ಮೀಟರ್ ಸೊನ್ನೆಯಲ್ಲೇ ನಿಂತರೆ ಮೊದಲು ಕಪ್ಪು ಕಾಗದ ತೆಗೆದು ಮೊಬೈಲಿನ ಟಾರ್ಚ್ ಬಿಡಿ. ಹೆಚ್ಚಿನ ಸಲ ತಲೆಗಳು ನೇರವಾಗಿ ಎದುರಾಗಿರುವುದಿಲ್ಲ.